ನಾತಾಳದ ತಟ್ಟೆ

ಕ್ರಿಸ್ತ ಜಯಂತಿಗೆ ಕಾರವಾರ, ಅಂಕೋಲೆಗಳ ಕಡೆಯ ಜನ ‘ನಾತಾಳ’ ಎನ್ನುತ್ತಾರೆ. ಕೊಂಕಣಿಯನ್ನಾಡುವ ಕ್ರೈಸ್ತರ ಬಾಯಿಂದ ನೆರೆಹೊರೆಯ ಎಲ್ಲರ ಬಾಯಿಗೂ ಬಂದು ನಿಂತ ಈ ಮಾತು ಮೂಲತಃ ಪೋರ್ಚುಗೀಸರದು. 1497ರ ಡಿಸೆಂಬರಿನಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಆಫ್ರಿಕಾ ಖಂಡದ ಆಗ್ನೇಯ ತೀರವನ್ನು ಹಿಡಿದು ಸಾಗುತ್ತಿದ್ದಾಗ ಈ ಹಬ್ಬ ಬಂದಿತು. ಆತ ಆ ತೀರಕ್ಕೆ ಹಬ್ಬದ ಹೆಸರನ್ನೇ ಇಟ್ಟು ‘ನತಾಲ್’ ಎಂದು ಕರೆದ. ಮರುವರ್ಷ, ಎಂದರೆ 1498ರಲ್ಲಿ, ಕಲ್ಲಿಕೋಟೆಯಿಂದ ಹಿಂದಿರುಗುವಾಗ ಅದೇ ಹಡಗುಗಳು ಕಾರವಾರದ ಎದುರಿಗಿರುವ ಅಂಜದೀವಿ ದ್ವೀಪದ ಬಳಿ ಲಂಗರು ಹಾಕಿ, ಅಲ್ಲಿಯ ಸಿಹಿನೀರನ್ನು ತುಂಬಿಕೊಂಡು, ದುರಸ್ತಿ ಮಾಡಿಕೊಂಡು ಮುಂದೆ ಹೋದವು. ಹೀಗೆ ಒಂದೇ ಪ್ರಯಾಣದ ಎರಡು ನಿಲುಗಡೆಗಳಲ್ಲಿ ಆಫ್ರಿಕಾಕ್ಕೆ ಒಂದು ಹೆಸರೂ ನಮ್ಮ ಕರಾವಳಿಗೆ ಒಂದು ಹೊಸ ಸಂಬಂಧವೂ ದೊರೆತವು. ಆ ಸಂಬಂಧದಿಂದ ಕೋಟೆಗಳು ಹುಟ್ಟಿದವು, ಯುದ್ಧಗಳು ನಡೆದವು. ಅವೆಲ್ಲ ಪಠ್ಯಪುಸ್ತಕಗಳಲ್ಲಿ ಬಂದಿವೆ. ನಾನು ಇಲ್ಲಿ ಹೇಳಹೊರಟಿರುವುದು ಪಠ್ಯಪುಸ್ತಕಗಳು ಹೇಳದ ಒಂದು ಚಿಕ್ಕ ಸಂಗತಿಯನ್ನು: ನಾತಾಳದ ದಿನಗಳಲ್ಲಿ ಇಲ್ಲಿಯ ಮನೆಗಳಲ್ಲಿ ಸುಡುವ ಬಿಸ್ಕತ್ತಿನ ಚರಿತ್ರೆಯನ್ನು.

ಬಿಸ್ಕತ್ತು ಎಂಬ ಮಾತಿನ ಅರ್ಥ ‘ಎರಡು ಬಾರಿ ಬೆಂದದ್ದು’ ಎಂದು. ಲ್ಯಾಟಿನ್ ಮೂಲದ ಈ ಪದ ಪೋರ್ಚುಗೀಸಿನಲ್ಲಿ ‘ಬಿಸ್ಕೋಯ್ತು’ ಆಯಿತು. ತಿಂಗಳುಗಟ್ಟಲೆ ಸಮುದ್ರದ ಮೇಲೆ ಇರಬೇಕಾದ ನಾವಿಕರಿಗೆ ಮೆದುವಾದ ರೊಟ್ಟಿ ಕೊಟ್ಟರೆ ಅದು ಬೂಸಲು ಹಿಡಿಯುತ್ತದೆ. ಆದ್ದರಿಂದ ಹಿಟ್ಟನ್ನು ಕಾದು ಕಾದು ಒಣಗಿಸಿ, ಕಲ್ಲಿನಂತೆ ಗಟ್ಟಿಯಾದ ತುಂಡುಗಳನ್ನು ಪೀಪಾಯಿಗಳಲ್ಲಿ ತುಂಬಿಡುತ್ತಿದ್ದರು. ಸಿಹಿಯಿಲ್ಲದ, ರುಚಿಯಿಲ್ಲದ ಆ ಹಡಗಿನ ರೊಟ್ಟಿಯೇ ಪೋರ್ಚುಗೀಸರು ಈ ನೀರಿಗೆ ತಂದ ಮೊದಲ ಬಿಸ್ಕತ್ತು. ಅದಕ್ಕೂ ಇಂದಿನ ಹಬ್ಬದ ತಿಂಡಿಗೂ ರುಚಿಯಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೆ ಒಂದು ಗುಣ ಮಾತ್ರ ಎರಡಕ್ಕೂ ಸಮಾನ: ನೀರಿನ ಅಂಶವನ್ನು ತೆಗೆದು ಬಹಳ ದಿನ ಕೆಡದಂತೆ ಇಡುವ ವಿದ್ಯೆ. ಮೇಜು, ಚಾವಿ, ಪಾದ್ರಿ, ಇಗರ್ಜಿ, ಪಾವು ಮೊದಲಾದ ಮಾತುಗಳೊಡನೆ ಈ ವಿದ್ಯೆಯೂ ನಮ್ಮ ತೀರಕ್ಕೆ ಇಳಿಯಿತು.

ವಿದ್ಯೆ ಇಳಿದರೂ ಅದನ್ನು ನಡೆಸುವ ಸಾಮಗ್ರಿ ಇಲ್ಲಿ ಇರಲಿಲ್ಲ. ಕರಾವಳಿ ಭತ್ತದ ನಾಡು. ಗೋಧಿ ಬೆಳೆಯುವುದು ಘಟ್ಟದ ಮೇಲೆ, ಧಾರವಾಡದ ಕಡೆಯ ಬಯಲಿನಲ್ಲಿ. ನಮ್ಮ ಅಡಿಗೆಯ ಮನೆಗಳಲ್ಲಿ ಕುದಿಸುವುದು, ಹಬೆಯಲ್ಲಿ ಬೇಯಿಸುವುದು, ಎಣ್ಣೆಯಲ್ಲಿ ಕರಿಯುವುದು ಇದ್ದವೇ ಹೊರತು, ಸುತ್ತಲೂ ಶಾಖ ಕೊಟ್ಟು ಸುಡುವ ಗೂಡು ಇರಲಿಲ್ಲ. ಇತ್ತ ಪೋರ್ಚುಗಲ್ಲಿನ ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ ಮೊಟ್ಟೆಯ ಹಳದಿ ಮತ್ತು ಸಕ್ಕರೆಗಳಿಂದ ಬಗೆಬಗೆಯ ಸಿಹಿತಿಂಡಿ ಮಾಡುವ ಸಂಪ್ರದಾಯ ಬೆಳೆದಿತ್ತು. ಬಟ್ಟೆಗೆ ಗಂಜಿ ಕೊಡಲು ಮೊಟ್ಟೆಯ ಬಿಳಿಯನ್ನು ಬಳಸುತ್ತಿದ್ದರೆಂದೂ ಉಳಿದ ಹಳದಿಯೆಲ್ಲ ಸಿಹಿತಿಂಡಿಗೆ ಹೋಗುತ್ತಿತ್ತೆಂದೂ ಹೇಳುತ್ತಾರೆ. ಹಳೆಯ ಗೋವೆಯಲ್ಲಿ 1606ರಲ್ಲಿ ಸ್ಥಾಪನೆಯಾದ ಸಾಂತಾ ಮೋನಿಕಾ ಮಠದೊಡನೆ ಆ ಸಂಪ್ರದಾಯಕ್ಕೆ ಪೂರ್ವ ದೇಶಗಳಲ್ಲಿಯೂ ಒಂದು ನೆಲೆ ಸಿಕ್ಕಿತು. ಪದರ ಪದರವಾಗಿ ಸುಡುವ ‘ಬೆಬಿಂಕ’ದ ಹುಟ್ಟನ್ನು ಐತಿಹ್ಯ ಈ ಮಠಕ್ಕೇ ಕಟ್ಟುತ್ತದೆ. ಇಲ್ಲಿ ಇನ್ನೊಂದು ಮಾತನ್ನೂ ನೆನೆಯಬೇಕು. ಸಕ್ಕರೆಯನ್ನು ಹರಳುಗಟ್ಟಿಸುವ ಕೌಶಲ ಭಾರತದ್ದು. ನಮ್ಮ ‘ಶರ್ಕರಾ’ ಪಾರಸಿ, ಅರಬ್ಬಿಗಳ ಮೂಲಕ ಯುರೋಪಿನ ಭಾಷೆಗಳನ್ನು ಸೇರಿತ್ತು. ಇಲ್ಲಿಂದ ಪಶ್ಚಿಮಕ್ಕೆ ಹೋದ ಸಿಹಿ ಹಲವು ಶತಮಾನಗಳ ಮೇಲೆ ಬಿಸ್ಕತ್ತಿನ ವೇಷದಲ್ಲಿ ತವರಿಗೆ ಬಂದಿತೆನ್ನಬಹುದು.

ಗೋವೆಯ ತಿಂಡಿ ಕಾಳಿ ನದಿಯನ್ನು ದಾಟಿ ಕಾರವಾರಕ್ಕೆ ಬಂದುದು ವ್ಯಾಪಾರದಿಂದಲ್ಲ, ವಲಸೆಯಿಂದ. 1560ರಿಂದ 1812ರವರೆಗೆ, ನಡುವೆ ನಾಲ್ಕು ವರ್ಷಗಳನ್ನು ಬಿಟ್ಟರೆ, ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ನಡೆಯಿತು. ಅದರ ಉಪಟಳವನ್ನು ತಾಳಲಾರದೆ ಹಿಂದೂಗಳು ತಮ್ಮ ದೇವರನ್ನು ಹೊತ್ತುಕೊಂಡು ದಕ್ಷಿಣಕ್ಕೆ ಬಂದರು. ಅಂಕೋಲೆಯ ಆರ್ಯಾದುರ್ಗೆಯು ಮೊದಲು ಅಂಜದೀವಿಯಲ್ಲಿದ್ದವಳೆಂದೂ ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದವಳೆಂದೂ ಭಕ್ತರ ನಂಬಿಕೆ. ನಾತಾಳವೆಂಬ ಮಾತನ್ನು ತಂದವರ ಹಡಗುಗಳು ನಿಂತ ದ್ವೀಪವೇ ಅಂಕೋಲೆಗೆ ಒಬ್ಬ ದೇವಿಯನ್ನೂ ಕೊಟ್ಟಿತೆಂಬುದು ಗಮನಿಸತಕ್ಕ ವಿಷಯ. ಆದರೆ ಹೀಗೆ ಬಂದವರು ಹಿಂದೂಗಳು ಮಾತ್ರವೆಂದು ತಿಳಿಯಬಾರದು. ಕ್ರೈಸ್ತರಾದ ಕೊಂಕಣಿಗರೂ ಬಂದರು. ವಿಚಾರಣೆಯ ಕಣ್ಣು ಮುಖ್ಯವಾಗಿ ಇದ್ದುದು ಅವರ ಮೇಲೆಯೇ. 1736ರಲ್ಲಿ ಹೊರಡಿಸಿದ ಒಂದು ದೀರ್ಘ ಆಜ್ಞೆಯು ಕ್ರೈಸ್ತರ ಮನೆಗಳಲ್ಲಿ ಉಳಿದಿದ್ದ ಹಳೆಯ ಆಚಾರಗಳನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸಿತು: ಮದುವೆಯ ಹಾಡುಗಳು, ಹೂವು ವೀಳ್ಯ ಕೊಡುವುದು, ಅಂಗಳದ ತುಳಸಿ, ಕಡೆಗೆ ಉಪ್ಪು ಹಾಕದೆ ಅನ್ನ ಬೇಯಿಸುವುದು ಕೂಡ. ಅಧಿಕಾರವು ಅಡಿಗೆಯ ಪಾತ್ರೆಯೊಳಗೆ ಇಣುಕಿ ನೋಡಿದ ಕಾಲವದು. ಬರಗಾಲ, ಯುದ್ಧಗಳ ಕಾರಣದಿಂದಲೂ ಎಷ್ಟೋ ಕುಟುಂಬಗಳು ಗೋವೆಯನ್ನು ಬಿಟ್ಟವು.

ಅವರು ಬಂದು ನಿಂತ ಕಾರವಾರದ ಸೀಮೆ ಆಗ ಸೋದೆಯ ಅರಸರದು. ಇಂದು ಗೋವೆಯಲ್ಲಿರುವ ಕಾಣಕೋಣವೂ ಇತ್ತಣ ಕಾರವಾರವೂ ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಒಂದೇ ರಾಜ್ಯದ ಭಾಗಗಳಾಗಿದ್ದವು. ಹೈದರ ಅಲಿಯು ಸೋದೆಯನ್ನು ಗೆದ್ದು, ಅಲ್ಲಿಯ ಅರಸ ಗೋವೆಯ ಆಶ್ರಯ ಪಡೆದ ಮೇಲೆ ಒಂದೇ ಸೀಮೆ ಎರಡಾಯಿತು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಬಂದಿಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಬದುಕಿ ಉಳಿದವರು ಹಿಂದಿರುಗಿದ್ದು 1799ರ ಅನಂತರ. ಹೀಗೆ ಕಿತ್ತು ನೆಟ್ಟ ಸಸಿಯಂತೆ ಬದುಕಿದ ಜನರ ಅಡಿಗೆಯಲ್ಲಿ ಗ್ರಂಥಸ್ಥವಾದದ್ದು ಏನೂ ಇರುವುದು ಸಾಧ್ಯವಿಲ್ಲ. ತಾಯಿಯ ಕೈಯಿಂದ ಮಗಳ ಕೈಗೆ, ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದದ್ದಷ್ಟೇ ಉಳಿಯಿತು.

ಅವುಗಳಲ್ಲಿ ಮುಖ್ಯವಾದುದು ‘ಬೊಲಿನ್ಯಾ’ ಎಂಬ ಬಿಸ್ಕತ್ತು. ಪೋರ್ಚುಗೀಸಿನಲ್ಲಿ ‘ಬೋಲು’ ಎಂದರೆ ಕೇಕು, ‘ಬೊಲಿನ್ಯಾ’ ಎಂದರೆ ಪುಟ್ಟ ಕೇಕು. ಮಾಡುವ ಬಗೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಅರ್ಧ ಕಿಲೋ ರವೆಗೆ ಹೆಚ್ಚು ಕಡಿಮೆ ಅಷ್ಟೇ ಸಕ್ಕರೆ, ಒಂದು ದೊಡ್ಡ ತೆಂಗಿನಕಾಯಿ, ಮೂರೋ ನಾಲ್ಕೋ ಮೊಟ್ಟೆಯ ಹಳದಿ, ಸ್ವಲ್ಪ ತುಪ್ಪ, ಏಲಕ್ಕಿ. ಹೆರೆಮಣೆಯಲ್ಲಿ ತುರಿದ ಕಾಯಿಯನ್ನು ಒರಳಿನಲ್ಲಿ ತರಿತರಿಯಾಗಿ ರುಬ್ಬಿ ಸಕ್ಕರೆಯ ಪಾಕಕ್ಕೆ ಹಾಕಬೇಕು. ರವೆಯನ್ನು ಸೇರಿಸಿ ಒಲೆಯ ಮೇಲೆ ಕೈಯಾಡಿಸಬೇಕು. ಬಳಿಕ ಇಳಿಸಿ ಆರಿಸಬೇಕು. ಮರುದಿನ ಹಳದಿಯನ್ನು ಕಲಸಿ, ಪುಟ್ಟ ಉಂಡೆ ಮಾಡಿ, ಅಂಗೈಯಲ್ಲಿ ಒತ್ತಿ, ಮೇಲೆ ಅಡ್ಡಡ್ಡ ಉದ್ದುದ್ದ ಗೆರೆ ಎಳೆದು ಸುಡಬೇಕು. ನಡುವೆ ಒಂದು ರಾತ್ರಿ ಬಿಡುವುದಕ್ಕೆ ಕಾರಣವಿದೆ. ರವೆಯ ಕಾಳು ಗಡಸು. ಕಾಯಿಯ ಹಾಲನ್ನೂ ಪಾಕವನ್ನೂ ಹೀರಿಕೊಂಡು ಅದು ಅರಳಲು ಅಷ್ಟು ಹೊತ್ತು ಬೇಕು. ಅವಸರ ಮಾಡಿದರೆ ಬಿಸ್ಕತ್ತು ಹಲ್ಲಿಗೆ ಮರಳಿನಂತೆ ಸಿಗುತ್ತದೆ.

ಯುರೋಪಿನ ಬಿಸ್ಕತ್ತಿಗೆ ಬೆಣ್ಣೆ ಮತ್ತು ನುಣುಪಾದ ಹಿಟ್ಟು ಜೀವ. ಇಲ್ಲಿ ಬೆಣ್ಣೆಯ ಸ್ಥಾನದಲ್ಲಿ ತೆಂಗಿನ ಕೊಬ್ಬು, ಹಿಟ್ಟಿನ ಸ್ಥಾನದಲ್ಲಿ ರವೆ. ಹೆಸರು ಅವರದು, ಹೂರಣ ನಮ್ಮದು. ಇನ್ನು ಒಲೆಯ ಪ್ರಶ್ನೆ. ಮನೆಯಲ್ಲಿ ಗೂಡಿಲ್ಲದವರು ಅಗಲ ಬಾಯಿಯ ದಪ್ಪ ಪಾತ್ರೆಯ ತಳದಲ್ಲಿ ಮರಳು ಹರಡಿ, ಅದರ ಮೇಲೆ ಬಿಸ್ಕತ್ತಿನ ತಟ್ಟೆಯನ್ನಿಟ್ಟು, ಬಾಯಿಗೆ ತಗಡಿನ ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ತೆಂಗಿನ ಗರಟೆಯ ಕೆಂಡ ಸುರಿಯುತ್ತಿದ್ದರು. ಕೆಳಗೆ ಒಲೆಯ ಬೆಂಕಿ, ಮೇಲೆ ಕೆಂಡ. ಗರಟೆಯ ಕೆಂಡಕ್ಕೆ ಹೊಗೆ ಕಡಿಮೆ, ಕಾವು ಹೆಚ್ಚು, ಸಮನಾಗಿ ಬಹಳ ಹೊತ್ತು ಉರಿಯುವ ಗುಣವೂ ಉಂಟು. ಕಾಯಿಯ ತಿರುಳು ತಿಂಡಿಯ ಒಳಗೆ, ಅದೇ ಕಾಯಿಯ ಗರಟೆ ತಿಂಡಿಯ ಮೇಲೆ! ಕಾವನ್ನು ಅಳೆಯುವ ಯಂತ್ರವಿಲ್ಲ. ಮುಚ್ಚಳದ ಬಳಿ ಕೈಯೊಡ್ಡಿ ತಿಳಿಯಬೇಕು, ಪರಿಮಳದಿಂದ ತಿಳಿಯಬೇಕು. ನಾನು ಕಂಡ ಹಿರಿಯ ಹೆಂಗಸರೊಬ್ಬರು ಮುಚ್ಚಳವನ್ನು ತೆರೆದು ನೋಡುತ್ತಲೇ ಇರಲಿಲ್ಲ. ತೆರೆದರೆ ಕಾವು ಹೋಗುತ್ತದೆಂದು ಅವರ ಸಿದ್ಧಾಂತ. ಕಾಯಿಯ ಸುಟ್ಟ ಪರಿಮಳ ಬಂದೊಡನೆ ಕೆಂಡವನ್ನು ಸರಿಸುತ್ತಿದ್ದರು. ಒಳಗಿನ ಬಿಸ್ಕತ್ತು ಒಂದೇ ಸಮನಾದ ನಸುಗೆಂಪಿಗೆ ತಿರುಗಿರುತ್ತಿತ್ತು.

ಈ ಬಿಸ್ಕತ್ತು ಚೆನ್ನಾಗಿ ಒಣಗಿದ್ದರೆ ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ಕಾಯಿಯ ಪಸೆ ಉಳಿದರೆ ನಾಲ್ಕೇ ದಿನಕ್ಕೆ ಬೂಸಲು. ಡಿಸೆಂಬರಿನ ನಡುವೆ ಮಾಡಿದ್ದು ಜನವರಿ 6ರ ಮೂವರು ರಾಜರ ಹಬ್ಬದವರೆಗೆ ಉಳಿಯಬೇಕು. ಹಡಗಿನ ರೊಟ್ಟಿಯ ಹಳೆಯ ವಿದ್ಯೆ ಉಪಯೋಗಕ್ಕೆ ಬರುವುದು ಇಲ್ಲಿ.

ನಾತಾಳದ ತಟ್ಟೆಯಲ್ಲಿ ಬೊಲಿನ್ಯಾ ಒಂಟಿಯಾಗಿರುವುದಿಲ್ಲ. ಅಕ್ಕಿಹಿಟ್ಟು, ಕಾಯಿಹಾಲು, ಕಪ್ಪು ಬೆಲ್ಲಗಳನ್ನು ಗಂಟೆಗಟ್ಟಲೆ ಮಗುಚಿ ಮಾಡುವ ದೋದೋಲ್ ಇರುತ್ತದೆ. ಅದರ ಬಂಧುಗಳು ಮಲಯ, ಜಾವಾ ದೇಶಗಳಲ್ಲಿವೆ. 1511ರಲ್ಲಿ ಮಲಾಕಾ ಪೋರ್ಚುಗೀಸರ ಕೈಗೆ ಹೋದ ಮೇಲೆ ಗೋವೆಗೂ ಆ ದೇಶಗಳಿಗೂ ಹಡಗಿನ ಹೋಕುಬರಾಟ ನಿರಂತರವಾಗಿತ್ತೆಂಬುದನ್ನು ನೆನೆದರೆ ಇದು ಆಶ್ಚರ್ಯವಲ್ಲ. ಬಾಚಣಿಗೆಯ ಮೇಲೆ ಹಿಟ್ಟನ್ನು ಒತ್ತಿ ಸುರುಳಿ ಮಾಡಿ ಕರಿದ ಕುಲ್‌ಕುಲ್ ಇರುತ್ತದೆ. ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸಿ ತೆಗೆದ ಗುಲಾಬಿ ತಿಂಡಿ ಇರುತ್ತದೆ. ಈ ತಿಂಡಿಯನ್ನು ಮಂಗಳೂರಿನ ಕೊಂಕಣಿ ಕ್ರೈಸ್ತರು ‘ಕೊಕ್ಕಿಸಾಂ’ ಎನ್ನುತ್ತಾರೆ, ಸಿಂಹಳದವರು ‘ಕೋಕಿಸ್’ ಎನ್ನುತ್ತಾರೆ. ಸಿಂಹಳದ ಮಾತು ಡಚ್ ಭಾಷೆಯಿಂದ ಬಂದುದು. ಇಂಗ್ಲಿಷಿನ ‘ಕುಕಿ’ ಕೂಡ ಅದೇ ಡಚ್ ಮಾತಿನ ಮಗಳು. ಹಾಗೆ ನೋಡಿದರೆ ಇಂದಿನ ಅಂಗಡಿಗಳಲ್ಲಿ ಹೊಸ ಫ್ಯಾಷನ್ನಿನಂತೆ ಕಾಣುವ ಹೆಸರಿಗೂ ನಮ್ಮ ಸಮುದ್ರದ ಮನೆಗಳಲ್ಲಿ ಒಬ್ಬ ಅಕ್ಕ ಮೊದಲೇ ಇದ್ದಳು.

ಇನ್ನೊಂದು ತಿಂಡಿಯನ್ನು ಮಾತ್ರ ಯಾವ ಹಡಗೂ ತರಬೇಕಾಗಿರಲಿಲ್ಲ. ಅದು ನೇವರಿ. ಕಾಯಿ, ಎಳ್ಳು, ಸಕ್ಕರೆಗಳ ಹೂರಣವನ್ನು ಅರ್ಧಚಂದ್ರದ ಆಕಾರದಲ್ಲಿ ಮಡಿಸಿ ಕರಿದ ಇದನ್ನು ಘಟ್ಟದ ಮೇಲಿನವರು ಕರಜಿಕಾಯಿ ಎನ್ನುತ್ತಾರೆ. ಭಾದ್ರಪದದಲ್ಲಿ ಗಣಪತಿಯ ಮುಂದೆ ಇರುವ ನೇವರಿಯೇ ಡಿಸೆಂಬರಿನಲ್ಲಿ ಗೋದಲಿಯ ಮುಂದೆ ಇರುತ್ತದೆ. 1736ರ ಆಜ್ಞೆಯವರು ಉಪ್ಪಿಲ್ಲದ ಅನ್ನವನ್ನು ಹಿಡಿದರು. ನೇವರಿ ಮಾತ್ರ ಎರಡೂ ಕಡೆಯ ಅಡಿಗೆಯ ಮನೆಗಳಲ್ಲಿ ನಿಶ್ಚಿಂತೆಯಿಂದ ಉಳಿದುಕೊಂಡಿತು.

ನೇವರಿಯ ಈ ಸ್ಥಾನಕ್ಕೆ ಒಂದು ಸಾಮಾಜಿಕ ಅರ್ಥವೂ ಇದೆ. ಹಬ್ಬದ ತಿಂಡಿಗಳನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಕಸೂತಿಯ ಬಟ್ಟೆ ಹೊದಿಸಿ ನೆರೆಮನೆಗಳಿಗೆ ಕಳಿಸುವ ಪದ್ಧತಿಗೆ ಗೋವೆಯಲ್ಲಿ ‘ಕೊನ್ಸುವಾದ’ ಎಂದು ಹೆಸರು. ಪೋರ್ಚುಗಲ್ಲಿನಲ್ಲಿ ಆ ಮಾತಿಗೆ ಹಬ್ಬದ ಹಿಂದಿನ ರಾತ್ರಿಯ ಮನೆಮಂದಿಯ ಊಟವೆಂದು ಅರ್ಥ. ಮಂಗಳೂರಿನ ‘ಕುಸ್ವಾರ್’ ಅದೇ ಮಾತಿನ ರೂಪಾಂತರವೆನ್ನುತ್ತಾರೆ. ಮನೆಯೊಳಗಿನ ಊಟದ ಹೆಸರು ನಮ್ಮ ಕರಾವಳಿಯಲ್ಲಿ ಹೊಸ್ತಿಲು ದಾಟಿ ಹೊರಗೆ ಹೋಗುವ ತಟ್ಟೆಗೆ ಹೆಸರಾದದ್ದು ಸಣ್ಣ ಬದಲಾವಣೆಯಲ್ಲ. ಆದರೆ ತಟ್ಟೆ ಹೊಸ್ತಿಲು ದಾಟಿದೊಡನೆ ಎಲ್ಲವೂ ಸುಗಮವಾಗುತ್ತಿರಲಿಲ್ಲ. ಬೊಲಿನ್ಯಾದಲ್ಲಿ ಮೊಟ್ಟೆಯಿದೆ. ಅಂಕೋಲೆಯಲ್ಲಿ ನಾನು ಬೆಳೆದ ಕೇರಿಯಲ್ಲಿ ಮೊಟ್ಟೆ ಮುಟ್ಟದ ಮನೆಗಳಿದ್ದವು, ಅನ್ಯ ಜಾತಿಯವರ ಕೈಯದನ್ನೇ ತಿನ್ನದ ಮನೆಗಳೂ ಇದ್ದವು. ಕ್ರೈಸ್ತ ಗೃಹಿಣಿಯರಿಗೆ ಇದು ಗೊತ್ತಿತ್ತು. ಒಬ್ಬರ ಮನೆಗೆ ಬಿಸ್ಕತ್ತೂ ಕೇಕೂ ತುಂಬಿದ ತಟ್ಟೆ, ಇನ್ನೊಬ್ಬರಿಗೆ ನೇವರಿ ಮತ್ತು ದೋದೋಲ್ ಮಾತ್ರ, ಮತ್ತೊಬ್ಬರಿಗೆ ಬಾಳೆಯ ಹಣ್ಣಿನ ಗೊನೆ ಎಂದು ಅವರು ಲೆಕ್ಕ ಹಾಕಿ ಕಳಿಸುತ್ತಿದ್ದರು. ಇದನ್ನು ಬರಿಯ ಸೌಹಾರ್ದವೆಂದು ಹೊಗಳಿ ಬಿಡುವುದು ಅಷ್ಟು ನ್ಯಾಯವಲ್ಲ. ಕೊಡುವವರು ತಮ್ಮ ಹಬ್ಬದ ಶ್ರೇಷ್ಠ ತಿಂಡಿಯನ್ನು ಒಳಗಿಟ್ಟು, ಪಡೆಯುವವರ ಮಡಿಗೆ ತಕ್ಕುದನ್ನು ಆರಿಸುತ್ತಿದ್ದರು; ಬಾಗುತ್ತಿದ್ದವರು ಅವರೇ. ಆದರೂ ತಟ್ಟೆ ಪ್ರತಿವರ್ಷವೂ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ನೇವರಿಯೂ ಮಕ್ಕಳಿಗೆ ಕಾಗದದ ಪೊಟ್ಟಣದಲ್ಲಿ ಗುಟ್ಟಾಗಿ ಬೊಲಿನ್ಯಾವೂ ಸಲ್ಲುತ್ತಿದ್ದುದನ್ನು ನಾನು ಬಲ್ಲೆ. ಆ ಪೊಟ್ಟಣಕ್ಕೆ ಕೈಯೊಡ್ಡಿದ ಮಕ್ಕಳಲ್ಲಿ ನಾನೂ ಒಬ್ಬ.

ತಟ್ಟೆಯ ದಾರಿಯನ್ನು ಜಾತಿಯಷ್ಟೇ ಅಲ್ಲ, ರಾಜಕಾರಣವೂ ತಡೆದದ್ದುಂಟು. ಕಾರವಾರದ ಎಷ್ಟೋ ಕ್ರೈಸ್ತ ಮನೆಗಳಿಗೆ ಮಾಜಾಳಿಯ ಆಚೆ, ಕಾಣಕೋಣದಲ್ಲಿಯೋ ಮಡಗಾವಿಯಲ್ಲಿಯೋ ನೆಂಟರು. ಕಾಳಿಯನ್ನು ತಾರಿಯಲ್ಲಿ ದಾಟಿ ಸದಾಶಿವಗಡಕ್ಕೆ ಹೋದರೆ ಗಡಿ ಹತ್ತಿರವೇ. ಆದರೆ 1955ರಲ್ಲಿ, ಗೋವಾ ವಿಮೋಚನೆಯ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಅನಂತರ ಗಡಿ ಮುಚ್ಚಿತು. ಆರು ನಾತಾಳಗಳು ಹಾಗೆಯೇ ಕಳೆದವು. 1961ರ ಡಿಸೆಂಬರ್ 18ರಂದು ನಮ್ಮ ನೌಕಾದಳದವರು ಅಂಜದೀವಿಯ ಮೇಲೆ ಇಳಿದರು. ಆ ಕದನದಲ್ಲಿ ನಮ್ಮ ನಾವಿಕರು ಪ್ರಾಣ ತೆತ್ತರು. ಮರುದಿನ ಗೋವೆ ಸ್ವತಂತ್ರವಾಯಿತು. ಹಬ್ಬಕ್ಕೆ ಉಳಿದಿದ್ದುದು ಆರೇ ದಿನ. ನಾಲ್ಕೂವರೆ ಶತಮಾನಗಳ ಹಿಂದೆ ಯಾವ ದ್ವೀಪದ ಬಳಿ ಈ ಕಥೆ ಆರಂಭವಾಗಿತ್ತೋ ಅಲ್ಲಿಯೇ ಅದರ ರಾಜಕೀಯ ಅಧ್ಯಾಯ ಮುಗಿಯಿತು.

ಮುಂದಿನ ಅಧ್ಯಾಯದಲ್ಲಿ ಮನೆಗಳೇ ಸ್ಥಳ ಬದಲಿಸಿದವು. 1986ರ ಅಕ್ಟೋಬರಿನಲ್ಲಿ ಕಾರವಾರದ ದಕ್ಷಿಣಕ್ಕೆ ಅರಗಾ ಗ್ರಾಮದ ಬಳಿ ‘ಸೀಬರ್ಡ್’ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. 2005ರ ಮೇ 31ರಂದು ಅದು ‘ಕದಂಬ’ ಎಂಬ ಹೆಸರಿನಿಂದ ಸೇವೆಗೆ ಸಮರ್ಪಿತವಾಯಿತು. ಕಾರವಾರ ಅಂಕೋಲೆಗಳ ನಡುವಣ ಕಡಲತಡಿಯ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಅದಕ್ಕಾಗಿ ನೆಲ ಬಿಟ್ಟು ಪುನರ್ವಸತಿಯ ಬಡಾವಣೆಗಳಿಗೆ ಹೋದವು. ದೇಶರಕ್ಷಣೆಗೆ ನೆಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿಹಾರದ ಕಾಗದಗಳಲ್ಲಿ ಮನೆ, ಮರ, ಗದ್ದೆಗಳಿಗೆ ಬೆಲೆ ಕಟ್ಟಿದರೇ ಹೊರತು ನೆರೆಗೆ ಬೆಲೆ ಕಟ್ಟುವ ಕ್ರಮ ಯಾವ ಕಾನೂನಿನಲ್ಲಿಯೂ ಇಲ್ಲ. ಯಾರ ಮನೆಗೆ ಯಾವ ತಟ್ಟೆ ಎಂಬ ಲೆಕ್ಕ ಎರಡು ಮೂರು ತಲೆಮಾರು ಒಂದೇ ಬೇಲಿಯ ಎರಡು ಬದಿಯಲ್ಲಿ ಬಾಳಿದವರಿಗೆ ಮಾತ್ರ ಬರುತ್ತದೆ. ಹೊಸ ಬಡಾವಣೆಯಲ್ಲಿ ಅದನ್ನು ಮೊದಲಿನಿಂದ ಕಲಿಯಬೇಕಾಯಿತು.

ಈಗ ಗ್ಯಾಸಿನ, ವಿದ್ಯುತ್ತಿನ ಒಲೆಗಳು ಬಂದಿವೆ. ಡಿಸೆಂಬರಿನಲ್ಲಿ ಬೇಕರಿಗಳು ಎಲ್ಲ ತಿಂಡಿಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುತ್ತವೆ. ಮಕ್ಕಳು ದುಡಿಮೆಗೆಂದು ಮುಂಬಯಿಗೋ ಕೊಲ್ಲಿಯ ದೇಶಗಳಿಗೋ ಹೋಗಿ, ಮನೆಯಲ್ಲಿ ಇಬ್ಬರೇ ವೃದ್ಧರು ಉಳಿದಿರುವಾಗ, ಒರಳಿನ ಮುಂದೆ ಕೂತು ಕಾಯಿ ರುಬ್ಬಿರೆಂದು ಅವರಿಗೆ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಕೊಂಡು ತಂದ ಬಿಸ್ಕತ್ತಿನಲ್ಲಿಯೂ ರುಚಿಯಿದೆ. ಅದರಲ್ಲಿ ಇಲ್ಲದಿರುವುದು ಆಯ್ಕೆ. ಎಲ್ಲರಿಗೂ ಒಂದೇ ಪೆಟ್ಟಿಗೆ; ಯಾರಿಗೆ ಏನು ಸಲ್ಲುತ್ತದೆಂದು ಯೋಚಿಸುವ ಕೆಲಸ ಅಲ್ಲಿ ಉಳಿಯುವುದಿಲ್ಲ.

ಇತಿಹಾಸವನ್ನು ಓದುವವನಾಗಿ ನನ್ನ ಕಳಕಳಿ ಇನ್ನೊಂದು ಬಗೆಯದು. ಸೋದೆಯ ಅರಸರಿಗೆ ಶಾಸನಗಳಿವೆ, ಪೋರ್ಚುಗೀಸರಿಗೆ ದಫ್ತರಗಳಿವೆ, ಕಾರವಾರದಲ್ಲಿ ಹದಿನೇಳನೆಯ ಶತಮಾನದಲ್ಲಿ ಕೋಠಿ ತೆರೆದ ಇಂಗ್ಲಿಷರಿಗೆ ಪತ್ರಗಳ ಕಟ್ಟುಗಳಿವೆ. ಗಡಿ ದಾಟಿ, ಸೆರೆ ಕಂಡು, ಮತ್ತೆ ಬಂದು ಒಲೆ ಹೂಡಿದ ಹೆಂಗಸರಿಗೆ ಇರುವ ದಾಖಲೆ ಅವರ ಕೈಯ ಅಂದಾಜು ಒಂದೇ. ‘ಕಾಯಿ ನೋಡಿ ಸಕ್ಕರೆ’, ‘ಕೈಗೆ ಅಂಟದಷ್ಟು ರವೆ’ ಎಂಬಂಥ ಅಳತೆಗಳು ಅವರೊಡನೆಯೇ ಹೋಗುತ್ತಿವೆ. ಕಾರವಾರ, ಅಂಕೋಲೆಗಳ ಕಡೆಯ ತರುಣ ತರುಣಿಯರು ಈ ಡಿಸೆಂಬರಿನಲ್ಲಿ ಅಜ್ಜಿಯ ಪಕ್ಕದಲ್ಲಿ ತಕ್ಕಡಿಯೊಂದನ್ನು ಇಟ್ಟುಕೊಂಡು ಕೂತು, ಆಕೆಯ ಹಿಡಿಯೊಂದರ ತೂಕವನ್ನೂ ತಟ್ಟೆ ಯಾವ ಯಾವ ಮನೆಗೆ ಹೋಗುತ್ತಿತ್ತೆಂಬುದನ್ನೂ ಬರೆದಿಡಬೇಕು. ತಿಂಡಿ ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಮ್ಮ ಮನೆಯಲ್ಲಿ ಅದರಲ್ಲಿ ಒಂದು ಹಿಡಿ ಸಕ್ಕರೆಯನ್ನೋ ನಾಲ್ಕು ಅಡಿಕೆಯನ್ನೋ ಇಟ್ಟು ಕಳಿಸುತ್ತಿದ್ದರು. ತಟ್ಟೆಯೊಡನೆ ಹಿಂದಕ್ಕೆ ಹೋದವುಗಳ ಪಟ್ಟಿಯನ್ನೂ ಆ ಪುಸ್ತಕದಲ್ಲಿ ಸೇರಿಸಬೇಕೆಂದು ನನ್ನ ವಿನಂತಿ.